ನೆನಪು, ಕಥನ, ಮೌನ: ಲಾರಾ ಇಂಗಲ್ಸ್ ವೈಲ್ಡರ್ ಅವರ ಬದುಕು

ಅಮೆರಿಕದ ಚರಿತ್ರೆಯನ್ನು ಹೆಣ್ಣುಮಗುವೊಂದರ ಅನುಭವದ ಮೂಲಕ ನಿರೂಪಿಸುವ ಕಾದಂಬರಿಗಳು ಆ ದೇಶದ ಮಕ್ಕಳ ಸಾಹಿತ್ಯದಲ್ಲಿ ಒಂದು ಪ್ರತ್ಯೇಕ ಪ್ರಕಾರವಾಗಿಯೇ ಬೆಳೆದಿವೆ. ಯುದ್ಧ, ಒಪ್ಪಂದ, ಚುನಾವಣೆಗಳನ್ನು ಕೇಂದ್ರದಲ್ಲಿರಿಸಿಕೊಂಡ ಚರಿತ್ರೆಯು ಪುರುಷರ ಸಾರ್ವಜನಿಕ ಬದುಕನ್ನು ದಾಖಲಿಸಿತು. ಈ ಕಾದಂಬರಿಗಳಾದರೋ ಅಡುಗೆಮನೆ, ಹೊಲಿಗೆ, ಶಾಲೆ, ಕಾಯಿಲೆ, ಹಸಿವು, ವಲಸೆಗಳ ಮೂಲಕ ಅದೇ ಕಾಲವನ್ನು ಮತ್ತೊಂದು ನೆಲೆಯಿಂದ ಕಾಣಿಸಿದವು. 1935ರಲ್ಲಿ ಪ್ರಕಟವಾದ ಕ್ಯಾರಲ್ ರೈರಿ ಬ್ರಿಂಕ್ ಅವರ 'ಕ್ಯಾಡಿ ವುಡ್‌ಲಾನ್', 1996ರಲ್ಲಿ ಆರಂಭವಾದ 'ಡಿಯರ್ ಅಮೆರಿಕಾ' ದಿನಚರಿ ಮಾಲೆ, 1999ರಲ್ಲಿ ಬಂದ ಲೂಯಿಸ್ ಅರ್ಡ್ರಿಕ್ ಅವರ 'ದಿ ಬರ್ಚ್‌ಬಾರ್ಕ್ ಹೌಸ್' ಇವೆಲ್ಲವೂ ಈ ಪ್ರಕಾರದ ಬೇರೆ ಬೇರೆ ಘಟ್ಟಗಳು. ಇವುಗಳಲ್ಲಿ ಅತ್ಯಂತ ವ್ಯಾಪಕವಾಗಿ ಓದಲ್ಪಟ್ಟ, ಅಷ್ಟೇ ತೀವ್ರವಾಗಿ ಪ್ರಶ್ನೆಗೊಳಗಾದ ಕೃತಿಗಳು ಲಾರಾ ಇಂಗಲ್ಸ್ ವೈಲ್ಡರ್ ಅವರವು. 'ಲಿಟಲ್ ಹೌಸ್' ಮಾಲೆ ಎಂದು ಪ್ರಸಿದ್ಧವಾದ ಇವು ಕನ್ನಡ ಅನುವಾದದಲ್ಲಿಯೂ ಓದುಗರನ್ನು ತಲುಪಿವೆ.

ಈ ಮಾಲೆಯ ನಾಯಕಿಯ ಹೆಸರೂ ಲೇಖಕಿಯ ಹೆಸರೂ ಒಂದೇ. ಆದ್ದರಿಂದ ಓದುಗರು ಕಾದಂಬರಿಯನ್ನು ಜೀವನಚರಿತ್ರೆಯೆಂದೂ ಜೀವನಚರಿತ್ರೆಯನ್ನು ಕಾದಂಬರಿಯೆಂದೂ ಗ್ರಹಿಸುವ ಪರಿಪಾಠ ಬಹುಕಾಲ ನಡೆದುಬಂದಿತು. ಬದುಕಿದ ಬದುಕಿಗೂ ಬರೆದ ಬದುಕಿಗೂ ನಡುವೆ ಇರುವ ಅಂತರವನ್ನು ಗುರುತಿಸುತ್ತ ಲೇಖಕಿಯ ಜೀವನವನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅನುಕೂಲಕ್ಕಾಗಿ ಬಾಲಕಿಯನ್ನೂ ತರುಣಿಯನ್ನೂ ಲಾರಾ ಎಂದು, ವಿವಾಹಾನಂತರದ ಗೃಹಿಣಿಯನ್ನೂ ಲೇಖಕಿಯನ್ನೂ ವೈಲ್ಡರ್ ಎಂದು ಇಲ್ಲಿ ಕರೆಯಲಾಗಿದೆ.

ಕಾಡಿನಿಂದ ಹುಲ್ಲುಗಾವಲಿಗೆ

ಲಾರಾ 1867ರ ಫೆಬ್ರವರಿ 7ರಂದು ವಿಸ್ಕಾನ್ಸಿನ್ ರಾಜ್ಯದ ಪೆಪಿನ್ ಎಂಬ ಊರಿನ ಸಮೀಪದ ಕಾಡಿನ ಮನೆಯೊಂದರಲ್ಲಿ ಜನಿಸಿದಳು. ತಂದೆ ಚಾರ್ಲ್ಸ್ ಇಂಗಲ್ಸ್, ತಾಯಿ ಕ್ಯಾರೊಲಿನ್ ಕ್ವೈನರ್. ತಂದೆಯು ಬೇಟೆ, ಬಡಗಿತನ, ಬೇಸಾಯಗಳನ್ನು ಬಲ್ಲವರು. ಪಿಟೀಲು ನುಡಿಸುವುದರಲ್ಲಿ ಆಸಕ್ತರು. ಒಂದೆಡೆ ನೆಲೆನಿಲ್ಲದ ಸ್ವಭಾವದವರು. ತಾಯಿ ವಿವಾಹಕ್ಕೆ ಮೊದಲು ಶಾಲೆಯಲ್ಲಿ ಕಲಿಸಿದ್ದವರು. ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಬಗೆಗೆ ಅವರಿಗಿದ್ದ ಹಠವೇ ಆ ಸಂಸಾರದ ಮುಂದಿನ ಅನೇಕ ನಿರ್ಧಾರಗಳಿಗೆ ಕಾರಣವಾಯಿತು. ಹಿರಿಯ ಮಗಳು ಮೇರಿ 1865ರಲ್ಲಿ ಹುಟ್ಟಿದ್ದಳು. ಲಾರಾಳ ಅನಂತರ ಕ್ಯಾರಿ, ಫ್ರೆಡ್ಡಿ ಎಂಬ ಗಂಡುಮಗು ಮತ್ತು ಗ್ರೇಸ್ ಜನಿಸಿದರು.

ಲಾರಾಳ ಜನನದ ಕಾಲವು ಅಮೆರಿಕದ ಭೂಚರಿತ್ರೆಯಲ್ಲಿ ನಿರ್ಣಾಯಕವಾದುದು. ಅಂತರ್ಯುದ್ಧವು 1865ರಲ್ಲಿ ಮುಗಿದಿತ್ತು. 1862ರ ಹೋಮ್‌ಸ್ಟೆಡ್ ಕಾಯ್ದೆಯು ಐದು ವರ್ಷ ನೆಲೆಸಿ ಸಾಗುವಳಿ ಮಾಡಿದ ಕುಟುಂಬಕ್ಕೆ 160 ಎಕರೆ ಸರ್ಕಾರಿ ಭೂಮಿಯನ್ನು ಕೊಡುವ ಭರವಸೆ ನೀಡಿತ್ತು. ಈ ಭೂಮಿಯು ಸರ್ಕಾರಿ ಭೂಮಿಯಾದುದು ಮೂಲನಿವಾಸಿ ಬುಡಕಟ್ಟುಗಳನ್ನು ಒಪ್ಪಂದದಿಂದಲೋ ಬಲಪ್ರಯೋಗದಿಂದಲೋ ಹೊರದಬ್ಬಿದ ಮೇಲೆ. ಇಂಗಲ್ಸ್ ಕುಟುಂಬದ ಅಲೆದಾಟವನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲು ಸಾಧ್ಯವಿಲ್ಲ.

1869ರ ಸುಮಾರಿಗೆ ಕುಟುಂಬವು ಮಿಸ್ಸೂರಿಯ ಮಾರ್ಗವಾಗಿ ಕ್ಯಾನ್ಸಸ್ ರಾಜ್ಯಕ್ಕೆ ಹೊರಟಿತು. ಇಂಡಿಪೆಂಡೆನ್ಸ್ ಪಟ್ಟಣದಿಂದ ಸುಮಾರು 13 ಮೈಲಿ ದೂರದಲ್ಲಿ ಚಾರ್ಲ್ಸ್ ಮರದ ದಿಮ್ಮಿಗಳ ಮನೆಯನ್ನು ಕಟ್ಟಿದರು. ಆ ನೆಲ ಹೋಮ್‌ಸ್ಟೆಡ್ ಕಾಯ್ದೆಯ ವ್ಯಾಪ್ತಿಗೆ ಸೇರಿದುದಾಗಿರಲಿಲ್ಲ. ಅದು ಓಸೇಜ್ ಬುಡಕಟ್ಟಿಗೆ ಮೀಸಲಾಗಿದ್ದ ಪ್ರದೇಶ. ಬಿಳಿಯ ವಲಸಿಗರು ಸಾವಿರಾರು ಸಂಖ್ಯೆಯಲ್ಲಿ ಅಲ್ಲಿ ಅಕ್ರಮವಾಗಿ ಬೀಡುಬಿಟ್ಟಿದ್ದರು. 1870ರ ಜುಲೈ ತಿಂಗಳಲ್ಲಿ ಅಮೆರಿಕದ ಸಂಸತ್ತು ಓಸೇಜರ ಸ್ಥಳಾಂತರಕ್ಕೆ ಕಾಯ್ದೆ ಮಾಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಓಸೇಜರು ಒತ್ತಡಕ್ಕೆ ಮಣಿದು ಒಪ್ಪಿಗೆ ನೀಡಿ, ಇಂದಿನ ಓಕ್ಲಹೋಮ ರಾಜ್ಯದ ಕಡೆಗೆ ಸಾಗಿದರು. 1870ರ ಜನಗಣತಿಯಲ್ಲಿ ಇಂಗಲ್ಸ್ ಕುಟುಂಬದ ಹೆಸರು ಕ್ಯಾನ್ಸಸ್‌ನ ಮಾಂಟ್‌ಗೊಮರಿ ಕೌಂಟಿಯಲ್ಲಿ ದಾಖಲಾಗಿದೆ. ಆಗ ಲಾರಾಳಿಗೆ ಮೂರು ವರ್ಷ.

1871ರಲ್ಲಿ ಕುಟುಂಬವು ವಿಸ್ಕಾನ್ಸಿನ್‌ಗೆ ಹಿಂದಿರುಗಿತು. ಸೈನಿಕರು ಬಂದು ವಲಸಿಗರನ್ನು ಎಬ್ಬಿಸುವರೆಂಬ ಸುದ್ದಿಯಿಂದ ಹೊರಡಬೇಕಾಯಿತೆಂದು ಕಾದಂಬರಿಯು ಹೇಳುತ್ತದೆ. ವಸ್ತುಸ್ಥಿತಿಯಲ್ಲಿ, ಪೆಪಿನ್‌ನ ಜಮೀನನ್ನು ಕೊಂಡವನು ಹಣ ಪಾವತಿ ಮಾಡಲಾರದೆ ಹೋದುದು ಮರಳುವಿಕೆಯ ಮುಖ್ಯ ಕಾರಣ. ಓಸೇಜರ ಭೂಮಿಯನ್ನು ಎಕರೆಗೆ 1.25 ಡಾಲರ್ ದರದಲ್ಲಿ ವಲಸಿಗರಿಗೇ ಮಾರಲು ಸರ್ಕಾರವು ಆಗಲೇ ನಿರ್ಧರಿಸಿತ್ತು. ಕಾದಂಬರಿಯಲ್ಲಿ ಸರ್ಕಾರವು ರೈತನಿಗೆ ಅನ್ಯಾಯ ಮಾಡುತ್ತದೆ; ದಾಖಲೆಗಳಲ್ಲಿ ಸರ್ಕಾರವು ರೈತನ ಪರವಾಗಿ ಬುಡಕಟ್ಟಿಗೆ ಅನ್ಯಾಯ ಮಾಡುತ್ತದೆ. ಈ ವ್ಯತ್ಯಾಸವು ಮುಂದೆ ಬಂದ ಎಲ್ಲ ವಾಗ್ವಾದಗಳ ಮೂಲದಲ್ಲಿದೆ.

ಕ್ಯಾನ್ಸಸ್‌ನಲ್ಲಿ ಕುಟುಂಬವೆಲ್ಲ ಚಳಿಜ್ವರದಿಂದ ಮಲಗಿದ್ದಾಗ ಚಿಕಿತ್ಸೆ ನೀಡಿದವರು ಜಾರ್ಜ್ ಟ್ಯಾನ್ ಎಂಬ ಆಫ್ರಿಕನ್ ಅಮೆರಿಕನ್ ವೈದ್ಯರು. ಕಾದಂಬರಿಯಲ್ಲಿಯೂ ಅವರಿಗೆ ಸ್ಥಾನ ದೊರೆತಿದೆ. ಗಡಿನಾಡಿನ ಬದುಕು ಕೇವಲ ಬಿಳಿಯರ ಸಾಹಸವಾಗಿರಲಿಲ್ಲವೆಂಬುದಕ್ಕೆ ಈ ಒಂದು ಹೆಸರೇ ಸಾಕ್ಷಿ.

ಮಿಡತೆ, ಸಾಲ, ಸಾವು

1874ರಲ್ಲಿ ಇಂಗಲ್ಸ್ ದಂಪತಿಗಳು ಮಿನ್ನೆಸೋಟಾದ ವಾಲ್ನಟ್ ಗ್ರೋವ್ ಬಳಿಗೆ ವಲಸೆ ಹೋದರು. ಪ್ಲಮ್ ಕ್ರೀಕ್ ಎಂಬ ತೊರೆಯ ದಂಡೆಯಲ್ಲಿ ಮಣ್ಣು ಕೊರೆದು ಮಾಡಿದ ನೆಲಮನೆಯಲ್ಲಿ ಮೊದಲ ವಾಸ. ಬೆಳೆಯ ಭರವಸೆಯ ಮೇಲೆ ಹಲಗೆಯ ಹೊಸ ಮನೆಯೂ ಎದ್ದಿತು. ಆದರೆ ಅವರು ಬಂದುದು ರಾಕಿ ಪರ್ವತದ ಮಿಡತೆಗಳ ಹಾವಳಿಯು ಆ ಸೀಮೆಯನ್ನು ಆವರಿಸಿದ್ದ ಕಾಲದಲ್ಲಿ. 1873ರಿಂದ 1877ರವರೆಗೆ ನಡೆದ ಈ ಹಾವಳಿಯಲ್ಲಿ ಪೈರು, ಹುಲ್ಲು, ತರಕಾರಿ ಯಾವುದೂ ಉಳಿಯಲಿಲ್ಲ. ಮಿಡತೆಗಳು ಮಣ್ಣಿನಲ್ಲಿಟ್ಟ ಮೊಟ್ಟೆಗಳು ಮರುವರ್ಷದ ಬೆಳೆಯನ್ನೂ ನುಂಗಿದವು. ಕೂಲಿಯ ಕೊಯ್ಲಿಗಾಗಿ ಚಾರ್ಲ್ಸ್ ಪೂರ್ವದ ಜಿಲ್ಲೆಗಳಿಗೆ ಕಾಲ್ನಡಿಗೆಯಲ್ಲಿ ಹೋಗಬೇಕಾಯಿತು.

1875ರ ನವೆಂಬರ್‌ನಲ್ಲಿ ಹುಟ್ಟಿದ ಫ್ರೆಡ್ಡಿ 1876ರ ಆಗಸ್ಟ್‌ನಲ್ಲಿ, ಒಂಬತ್ತು ತಿಂಗಳ ಕೂಸಾಗಿ ತೀರಿಕೊಂಡನು. ಅದೇ ವರ್ಷ ಕುಟುಂಬವು ಅಯೋವಾ ರಾಜ್ಯದ ಬರ್ ಓಕ್ ಎಂಬ ಊರಿಗೆ ಹೋಗಿ ಹೋಟೆಲೊಂದರ ಕೆಲಸದಲ್ಲಿ ತೊಡಗಿತು. ಮಕ್ಕಳು ಅತಿಥಿಗಳಿಗೆ ಬಡಿಸಿ ಪಾತ್ರೆ ತೊಳೆದರು. ಪಕ್ಕದಲ್ಲಿಯೇ ಮದ್ಯದಂಗಡಿ. ಊರಿನ ವೈದ್ಯರೊಬ್ಬರ ಪತ್ನಿ ಲಾರಾಳನ್ನು ದತ್ತು ಕೊಡುವಂತೆ ಕೇಳಿದ ಪ್ರಸಂಗವೂ ಆಗ ನಡೆಯಿತು, ತಾಯಿ ಒಪ್ಪಲಿಲ್ಲ. 1877ರಲ್ಲಿ ಬಾಡಿಗೆಯ ಬಾಕಿ ತೀರಿಸಲಾಗದೆ ಕುಟುಂಬವು ರಾತ್ರೋರಾತ್ರಿ ಊರು ಬಿಟ್ಟು ವಾಲ್ನಟ್ ಗ್ರೋವ್‌ಗೆ ಮರಳಿತು.

ಗಮನಾರ್ಹವಾದ ಸಂಗತಿಯೆಂದರೆ, ಬರ್ ಓಕ್‌ನ ಅಧ್ಯಾಯವಾಗಲಿ ಫ್ರೆಡ್ಡಿಯ ಹುಟ್ಟುಸಾವುಗಳಾಗಲಿ ಕಾದಂಬರಿಮಾಲೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಪಶ್ಚಿಮದ ಕಡೆಗೆ ಮುಂದೆ ಮುಂದೆ ಸಾಗುವ ಕುಟುಂಬದ ಕಥೆಯಲ್ಲಿ ಪೂರ್ವಕ್ಕೆ ಹಿಂದಿರುಗಿದ ವರ್ಷಗಳಿಗೆ ಸ್ಥಳವಿರಲಿಲ್ಲ. ಸಾಲಕ್ಕೆ ಹೆದರಿ ರಾತ್ರಿ ಓಡಿದ ತಂದೆಗೂ ಕಾದಂಬರಿಯ ಧೀರ ತಂದೆಗೂ ಹೊಂದಾಣಿಕೆಯಾಗುತ್ತಿರಲಿಲ್ಲ.

1879ರಲ್ಲಿ ಮೇರಿ ತೀವ್ರ ಕಾಯಿಲೆಗೊಳಗಾಗಿ ದೃಷ್ಟಿ ಕಳೆದುಕೊಂಡಳು. ಕಾದಂಬರಿಯಲ್ಲಿ ಇದಕ್ಕೆ ಕೆಂಪುಜ್ವರವನ್ನು ಕಾರಣವಾಗಿ ಹೇಳಲಾಗಿದೆ. 2013ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದು ವೈರಾಣುವಿನಿಂದ ಮಿದುಳು ಮತ್ತು ಅದರ ಹೊದಿಕೆಗೆ ತಗುಲಿದ ಸೋಂಕು ನಿಜವಾದ ಕಾರಣವಿರಬಹುದೆಂದು ವಾದಿಸಿದೆ. ಅಂದಿನಿಂದ ಅಕ್ಕನಿಗೆ ಲೋಕವನ್ನು ಮಾತಿನಲ್ಲಿ ಕಟ್ಟಿಕೊಡುವ ಹೊಣೆ ಲಾರಾಳ ಪಾಲಿಗೆ ಬಂದಿತು. ಬಣ್ಣ, ಬೆಳಕು, ದೂರ, ಚಲನೆಗಳನ್ನು ಕುರುಡಿಯಾದ ಕೇಳುಗಳಿಗೆ ಸ್ಪಷ್ಟವಾಗುವಂತೆ ವರ್ಣಿಸಬೇಕಾದ ಈ ನಿತ್ಯದ ಅಭ್ಯಾಸವೇ ಮುಂದಿನ ಲೇಖಕಿಯ ಗದ್ಯಕ್ಕೆ ಮೊದಲ ಪಾಠಶಾಲೆಯಾಯಿತೆಂದು ಹೇಳಿದರೆ ತಪ್ಪಾಗಲಾರದು.

ಡಕೋಟಾದ ಚಳಿಗಾಲ

1879ರಲ್ಲಿ ಚಾರ್ಲ್ಸ್ ಅವರಿಗೆ ಶಿಕಾಗೊ ಅಂಡ್ ನಾರ್ತ್ ವೆಸ್ಟರ್ನ್ ರೈಲುಮಾರ್ಗದ ನಿರ್ಮಾಣದ ನೆಲೆಯಲ್ಲಿ ಕೆಲಸ ಸಿಕ್ಕಿತು. ಕುಟುಂಬವು ಡಕೋಟಾ ಪ್ರಾಂತ್ಯಕ್ಕೆ ಹೋಗಿ, 1880ರಲ್ಲಿ ಹುಟ್ಟಿಕೊಂಡ ಡಿ ಸ್ಮೆಟ್ ಎಂಬ ಪಟ್ಟಣದ ಮೊದಲ ನಿವಾಸಿಗಳಲ್ಲಿ ಒಂದಾಯಿತು. ಆ ವರ್ಷ ಅಕ್ಟೋಬರ್‌ನಲ್ಲಿಯೇ ಹಿಮಗಾಳಿ ಆರಂಭವಾಯಿತು. ಹಿಮದ ರಾಶಿಯಿಂದ ರೈಲುಗಳು ನಿಂತುಹೋಗಿ, 1881ರ ವಸಂತದವರೆಗೆ ಪಟ್ಟಣಕ್ಕೆ ಹೊರಗಿನ ಸಂಪರ್ಕವೇ ಇಲ್ಲವಾಯಿತು. ಕಲ್ಲಿದ್ದಲು ಮುಗಿದಾಗ ಒಣಹುಲ್ಲನ್ನು ಹುರಿಮಾಡಿ ಒಲೆಗೆ ಹಾಕಿದರು. ಹಿಟ್ಟು ಮುಗಿದಾಗ ಬಿತ್ತನೆಯ ಗೋಧಿಯನ್ನು ಕಾಫಿಬೀಜ ಪುಡಿಮಾಡುವ ಯಂತ್ರದಲ್ಲಿ ಬೀಸಿದರು. ಅಲ್ಮಾಂಜೊ ವೈಲ್ಡರ್ ಎಂಬ ತರುಣ ರೈತನು ಗೆಳೆಯನೊಡನೆ ಹಿಮದ ಬಯಲನ್ನು ದಾಟಿ ಹೋಗಿ ಗೋಧಿ ತಂದನು.

1940ರಲ್ಲಿ ಪ್ರಕಟವಾದ 'ದಿ ಲಾಂಗ್ ವಿಂಟರ್' ಈ ಅನುಭವವನ್ನು ಆಧರಿಸಿದೆ. ಇದಕ್ಕೆ ಲೇಖಕಿಯು ಮೊದಲು ಸೂಚಿಸಿದ್ದ ಹೆಸರಿನಲ್ಲಿ ಚಳಿಗಾಲದ ಕಠೋರತೆಯನ್ನು ನೇರವಾಗಿ ಹೇಳುವ ಮಾತಿತ್ತು. ಮಕ್ಕಳಿಗೆ ಅದು ಭಾರವಾದೀತೆಂದು ಪ್ರಕಾಶಕರು ಬದಲಿಸಿದರು. ಆ ಚಳಿಗಾಲದಲ್ಲಿ ಇಂಗಲ್ಸ್ ಮನೆಯಲ್ಲಿ ಮತ್ತೊಂದು ದಂಪತಿ ಮತ್ತು ಅವರ ಹಸುಗೂಸು ಆಶ್ರಯ ಪಡೆದಿದ್ದರು. ಕೆಲಸಕ್ಕೆ ಕೈಹಾಕದೆ ಊಟಕ್ಕೆ ಮುಂದಾಗುತ್ತಿದ್ದ ಆ ಅತಿಥಿಗಳನ್ನು ಲೇಖಕಿಯು ಉದ್ದೇಶಪೂರ್ವಕವಾಗಿ ಕಾದಂಬರಿಯಿಂದ ಹೊರಗಿಟ್ಟರು. ಕುಟುಂಬವೊಂದು ಪ್ರಕೃತಿಯೆದುರು ಒಂಟಿಯಾಗಿ ನಿಂತ ಚಿತ್ರಕ್ಕೆ ಅವರ ಉಪಸ್ಥಿತಿಯು ಭಂಗ ತರುತ್ತಿತ್ತು. ಇಲ್ಲಿ ಕಾಣುವುದು ನೆನಪಿನ ದೋಷವಲ್ಲ, ಕಾದಂಬರಿಕಾರ್ತಿಯ ಆಯ್ಕೆ.

ಮೇರಿಯು 1881ರಲ್ಲಿ ಅಯೋವಾದ ವಿಂಟನ್‌ನಲ್ಲಿದ್ದ ಅಂಧರ ಕಾಲೇಜಿಗೆ ಸೇರಿದಳು. ಅವಳ ವೆಚ್ಚಕ್ಕಾಗಿ ಲಾರಾ ಹೊಲಿಗೆ ಕೆಲಸ ಮಾಡಿದಳು. ಹದಿಹರೆಯದಲ್ಲಿಯೇ ಏಕಕೊಠಡಿಯ ಶಾಲೆಗಳಲ್ಲಿ ಮೂರು ಅವಧಿ ಕಲಿಸಿದಳು. ಮೊದಲ ಶಾಲೆಯ ಸಂಬಳ ತಿಂಗಳಿಗೆ 20 ಡಾಲರ್. ಸ್ವತಃ ಪ್ರೌಢಶಾಲೆಯನ್ನು ಮುಗಿಸುವ ಅವಕಾಶ ಅವಳಿಗೆ ದೊರೆಯಲಿಲ್ಲ. ಹೆಣ್ಣುಮಗಳ ದುಡಿಮೆಯೇ ಗಡಿನಾಡಿನ ಕುಟುಂಬದ ಅರ್ಥವ್ಯವಸ್ಥೆಯನ್ನು ಹಿಡಿದು ನಿಲ್ಲಿಸಿತ್ತೆಂಬುದನ್ನು ಈ ವಿವರಗಳು ಸ್ಪಷ್ಟಪಡಿಸುತ್ತವೆ.

ವಿವಾಹ ಮತ್ತು ಸೋಲಿನ ವರ್ಷಗಳು

1885ರ ಆಗಸ್ಟ್ 25ರಂದು ಲಾರಾ ತನಗಿಂತ ಹತ್ತು ವರ್ಷ ಹಿರಿಯನಾದ ಅಲ್ಮಾಂಜೊನನ್ನು ವಿವಾಹವಾದಳು. 1886ರ ಡಿಸೆಂಬರ್ 5ರಂದು ಮಗಳು ರೋಸ್ ಜನಿಸಿದಳು. ಕಾದಂಬರಿಮಾಲೆಯು ಈ ವಿವಾಹದ ಸಂತೋಷದಲ್ಲಿ ಮುಗಿಯುತ್ತದೆ. ಬದುಕು ಹಾಗೆ ಮುಗಿಯಲಿಲ್ಲ. ಬರ ಮತ್ತು ಆಲಿಕಲ್ಲು ಬೆಳೆಯನ್ನು ನಾಶ ಮಾಡಿದವು; ಸಾಲ ಬೆಳೆಯಿತು. 1888ರಲ್ಲಿ ದಂಪತಿಗಳಿಬ್ಬರಿಗೂ ಡಿಫ್ತೀರಿಯಾ ತಗುಲಿ, ಅಲ್ಮಾಂಜೊ ಅವರ ಕಾಲುಗಳ ಶಕ್ತಿ ಶಾಶ್ವತವಾಗಿ ಕುಂದಿತು. 1889ರಲ್ಲಿ ಹುಟ್ಟಿದ ಗಂಡುಮಗು ಆಗಸ್ಟ್‌ನಲ್ಲಿ, ಹೆಸರಿಡುವ ಮೊದಲೇ ತೀರಿಕೊಂಡಿತು. ಅದೇ ತಿಂಗಳು ಮನೆ ಬೆಂಕಿಗೆ ಆಹುತಿಯಾಯಿತು.

ಮುಂದಿನ ಐದು ವರ್ಷಗಳು ಮಿನ್ನೆಸೋಟಾದ ಸ್ಪ್ರಿಂಗ್ ವ್ಯಾಲಿ, ಫ್ಲಾರಿಡಾದ ವೆಸ್ಟ್‌ವಿಲ್, ಮತ್ತೆ ಡಿ ಸ್ಮೆಟ್ ಎಂದು ಅಲೆದಾಟದಲ್ಲಿ ಕಳೆದವು. 1894ರ ಜುಲೈ ತಿಂಗಳಲ್ಲಿ ಹೊರಟ ದಂಪತಿಗಳು ಏಳು ವರ್ಷದ ಮಗಳೊಡನೆ ಬಂಡಿಯಲ್ಲಿ ಸುಮಾರು 650 ಮೈಲಿ ಪ್ರಯಾಣ ಮಾಡಿ ಮಿಸ್ಸೂರಿ ರಾಜ್ಯದ ಮ್ಯಾನ್ಸ್‌ಫೀಲ್ಡ್ ತಲುಪಿದರು. ಆ ಪ್ರಯಾಣದ ದಿನಚರಿಯು 1962ರಲ್ಲಿ ಮಗಳ ಪ್ರಸ್ತಾವನೆಯೊಂದಿಗೆ ಪ್ರಕಟವಾಯಿತು. ಊರಿನ ಬಳಿ ಕೊಂಡ 40 ಎಕರೆಯ ಕಲ್ಲುನೆಲಕ್ಕೆ ರಾಕಿ ರಿಡ್ಜ್ ಎಂದು ಹೆಸರಿಟ್ಟರು. ಸೇಬಿನ ಸಸಿ ನೆಟ್ಟು, ಕೋಳಿ ಸಾಕಿ, ಕಟ್ಟಿಗೆ ಮಾರಿ, ಊರಿನಲ್ಲಿ ಊಟದ ಮನೆ ನಡೆಸಿ, ಅದನ್ನು ಸುಮಾರು 200 ಎಕರೆಯ ತೋಟವಾಗಿ ಬೆಳೆಸಲು ಅವರಿಗೆ ದಶಕಗಳೇ ಬೇಕಾದವು. ವೈಲ್ಡರ್ ಅವರು ತಮ್ಮ ಉಳಿದ ಅರುವತ್ತಕ್ಕೂ ಹೆಚ್ಚು ವರ್ಷಗಳನ್ನು ಅಲ್ಲಿಯೇ ಕಳೆದರು. ಅಲೆಮಾರಿ ಬಾಲ್ಯದ ಕಥೆಯನ್ನು ಬರೆದವರು ನೆಲೆನಿಂತ ರೈತಮಹಿಳೆ ಎಂಬುದು ಮರೆಯಬಾರದ ಸಂಗತಿ.

ವೈಲ್ಡರ್ ಅವರ ಬರವಣಿಗೆಯು ಕಾದಂಬರಿಯಿಂದ ಆರಂಭವಾಗಲಿಲ್ಲ. ಕೋಳಿಸಾಕಣೆಯ ಅನುಭವವನ್ನು ಕುರಿತು ಅವರು ಸಿದ್ಧಪಡಿಸಿದ ಭಾಷಣವೊಂದು 'ಮಿಸ್ಸೂರಿ ರೂರಲಿಸ್ಟ್' ಎಂಬ ಕೃಷಿಪತ್ರಿಕೆಯ ಸಂಪಾದಕರ ಗಮನ ಸೆಳೆಯಿತು. 1911ರಿಂದ 1920ರ ದಶಕದ ಮಧ್ಯದವರೆಗೆ ಅವರು ಅದರಲ್ಲಿ ಅಂಕಣ ಬರೆದರು. ಹೊಲಮನೆಯ ಹೆಂಗಸರ ಶ್ರಮ, ಮಿತವ್ಯಯ, ನೆರೆಹೊರೆಯ ಸಂಬಂಧ ಇವು ಅಂಕಣದ ವಸ್ತುಗಳು. ರೈತರ ಸಾಲದ ಸಂಘವೊಂದರ ಕಾರ್ಯದರ್ಶಿ ಹಾಗೂ ಖಜಾಂಚಿಯಾಗಿಯೂ ಕೆಲಸ ಮಾಡಿದರು. ಸರಳ ವಾಕ್ಯ, ಖಚಿತ ವಿವರ, ಕೈಕೆಲಸದ ಕ್ರಮವನ್ನು ಹಂತಹಂತವಾಗಿ ಹೇಳುವ ಶೈಲಿ ಇವು ಈ ಅವಧಿಯಲ್ಲಿ ರೂಪುಗೊಂಡವು.

ತಾಯಿ, ಮಗಳು ಮತ್ತು ಹಸ್ತಪ್ರತಿ

1924ರಲ್ಲಿ ತಾಯಿ ಕ್ಯಾರೊಲಿನ್, 1928ರಲ್ಲಿ ಅಕ್ಕ ಮೇರಿ ತೀರಿಕೊಂಡರು. ತಂದೆ 1902ರಲ್ಲಿಯೇ ಗತಿಸಿದ್ದರು. ಬಾಲ್ಯದ ಸಾಕ್ಷಿಗಳು ಒಬ್ಬೊಬ್ಬರಾಗಿ ಇಲ್ಲವಾದಂತೆ ಆ ಕಥೆಗಳನ್ನು ಉಳಿಸಿಕೊಳ್ಳುವ ತವಕ ವೈಲ್ಡರ್ ಅವರಲ್ಲಿ ಹೆಚ್ಚಿತು. 1929ರ ಷೇರುಪೇಟೆಯ ಕುಸಿತದ ಅನಂತರ ಕುಟುಂಬದ ಉಳಿತಾಯವೂ ನಷ್ಟವಾಗಿ, ಬರವಣಿಗೆಗೆ ಆರ್ಥಿಕ ಅಗತ್ಯವೂ ಒದಗಿತು. 1930ರಲ್ಲಿ ಅವರು 'ಪಯೋನಿಯರ್ ಗರ್ಲ್' ಎಂಬ ಆತ್ಮಕಥನವನ್ನು ಪೆನ್ಸಿಲಿನಲ್ಲಿ, ಅಗ್ಗದ ಬರೆಹದ ಪುಸ್ತಕಗಳಲ್ಲಿ ಬರೆದು ಮಗಳ ಕೈಗಿತ್ತರು.

ಮಗಳು ರೋಸ್ ವೈಲ್ಡರ್ ಲೇನ್ ಅಷ್ಟರಲ್ಲಿ ಹೆಸರಾಂತ ಪತ್ರಕರ್ತೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪತ್ರಿಕಾವೃತ್ತಿ ನಡೆಸಿ, ಹೆನ್ರಿ ಫೋರ್ಡ್ ಮತ್ತು ಹರ್ಬರ್ಟ್ ಹೂವರ್ ಅವರ ಜೀವನಚರಿತ್ರೆಗಳನ್ನು ಬರೆದು, ಅಲ್ಬೇನಿಯಾದಲ್ಲಿ ವಾಸಮಾಡಿ ಬಂದವರು. ಪ್ರಾಯದ ಓದುಗರಿಗಾಗಿ ಬರೆದಿದ್ದ 'ಪಯೋನಿಯರ್ ಗರ್ಲ್' ಕೃತಿಯನ್ನು ಪ್ರಕಾಶಕರು ತಿರಸ್ಕರಿಸಿದರು. ಅದರ ಕೆಲವು ಭಾಗಗಳಿಂದ ರೋಸ್ ಮಕ್ಕಳಿಗೆಂದು ಸಿದ್ಧಪಡಿಸಿದ ಚಿಕ್ಕ ಪಠ್ಯವೇ ಮಾಲೆಗೆ ಬೀಜವಾಯಿತು. ವೈಲ್ಡರ್ ಅದನ್ನು ವಿಸ್ತರಿಸಿದರು. ಮೊದಲು ಒಪ್ಪಿಕೊಂಡ ಕ್ನಾಫ್ ಸಂಸ್ಥೆಯು ಮಕ್ಕಳ ವಿಭಾಗವನ್ನು ಮುಚ್ಚಲು ನಿರ್ಧರಿಸಿದ್ದರಿಂದ, 1932ರಲ್ಲಿ ಹಾರ್ಪರ್ ಅಂಡ್ ಬ್ರದರ್ಸ್ 'ಲಿಟಲ್ ಹೌಸ್ ಇನ್ ದಿ ಬಿಗ್ ವುಡ್ಸ್' ಎಂಬ ಹೆಸರಿನಲ್ಲಿ ಅದನ್ನು ಪ್ರಕಟಿಸಿತು. ಆಗ ಲೇಖಕಿಗೆ 65 ವರ್ಷ.

1933ರಲ್ಲಿ ಅಲ್ಮಾಂಜೊ ಅವರ ಬಾಲ್ಯವನ್ನಾಧರಿಸಿದ 'ಫಾರ್ಮರ್ ಬಾಯ್', 1935ರಲ್ಲಿ 'ಲಿಟಲ್ ಹೌಸ್ ಆನ್ ದಿ ಪ್ರೇರಿ', 1937ರಲ್ಲಿ 'ಆನ್ ದಿ ಬ್ಯಾಂಕ್ಸ್ ಆಫ್ ಪ್ಲಮ್ ಕ್ರೀಕ್', 1939ರಲ್ಲಿ 'ಬೈ ದಿ ಶೋರ್ಸ್ ಆಫ್ ಸಿಲ್ವರ್ ಲೇಕ್', 1940ರಲ್ಲಿ 'ದಿ ಲಾಂಗ್ ವಿಂಟರ್', 1941ರಲ್ಲಿ 'ಲಿಟಲ್ ಟೌನ್ ಆನ್ ದಿ ಪ್ರೇರಿ', 1943ರಲ್ಲಿ 'ದೀಸ್ ಹ್ಯಾಪಿ ಗೋಲ್ಡನ್ ಇಯರ್ಸ್' ಪ್ರಕಟವಾದವು. ಕೊನೆಯ ಐದೂ ನ್ಯೂಬರಿ ಗೌರವಕ್ಕೆ ಪಾತ್ರವಾದವು. ಬಾಲಕಿಯ ವಯಸ್ಸಿನೊಂದಿಗೆ ಭಾಷೆಯೂ ವಾಕ್ಯರಚನೆಯೂ ಸಮಸ್ಯೆಗಳೂ ಪ್ರೌಢವಾಗುತ್ತ ಹೋಗುವುದು ಈ ಮಾಲೆಯ ರಚನಾವಿಶೇಷ. ಕಾಲಾನುಕ್ರಮದಲ್ಲಿಯೂ ಬದಲಾವಣೆಗಳಿವೆ. ನಿಜದಲ್ಲಿ ಕ್ಯಾನ್ಸಸ್‌ನ ವಾಸವು ಕಾಡಿನ ನೆನಪುಗಳಿಗಿಂತ ಹಿಂದಿನದು. ಮಾಲೆಯಲ್ಲಿ ಅದು ಅನಂತರದ್ದು. ಎಳೆಯ ಮಗು ಕಂಡಿರಲಾರದುದನ್ನು ಆರು ವರ್ಷದ ಹುಡುಗಿಯು ಕಾಣುವಂತೆ ಮಾಡಲು ಈ ಪಲ್ಲಟವು ಅಗತ್ಯವಾಯಿತು. ನೆಲ್ಲಿ ಓಲ್ಸನ್ ಎಂಬ ಪಾತ್ರವು ಲಾರಾ ಬೇರೆ ಬೇರೆ ಕಾಲದಲ್ಲಿ ಕಂಡ ಮೂವರು ಹುಡುಗಿಯರ ಸಂಯೋಗ.

ಈ ಕೃತಿಗಳ ಕರ್ತೃತ್ವದ ಪ್ರಶ್ನೆಯು ವಿದ್ವಾಂಸರನ್ನು ದೀರ್ಘಕಾಲ ಕಾಡಿದೆ. 1993ರಲ್ಲಿ ವಿಲಿಯಂ ಹೋಲ್ಟ್ಜ್ ತಮ್ಮ ಗ್ರಂಥದಲ್ಲಿ ರೋಸ್ ಅವರೇ ಮಾಲೆಯ ಪ್ರಚ್ಛನ್ನ ಲೇಖಕಿಯೆಂಬ ವಾದವನ್ನು ಮುಂದಿಟ್ಟರು. ಅಯೋವಾದ ಹರ್ಬರ್ಟ್ ಹೂವರ್ ಗ್ರಂಥಾಲಯದಲ್ಲಿರುವ ತಾಯಿಮಗಳ ಪತ್ರವ್ಯವಹಾರ, ಉಳಿದಿರುವ ಹಸ್ತಪ್ರತಿಗಳು ಹಾಗೂ 2014ರಲ್ಲಿ ಪಮೇಲಾ ಸ್ಮಿತ್ ಹಿಲ್ ಅವರ ಸಂಪಾದಕತ್ವದಲ್ಲಿ ಟಿಪ್ಪಣಿಸಹಿತ ಪ್ರಕಟವಾದ 'ಪಯೋನಿಯರ್ ಗರ್ಲ್' ಇವು ಈ ವಾದವನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ವಸ್ತು, ವಿವರ, ಪಾತ್ರ, ಮಾಲೆಯ ಒಟ್ಟು ವಿನ್ಯಾಸ ತಾಯಿಯದು. ಪ್ರಸಂಗಗಳ ಜೋಡಣೆ, ಸಂವಾದದ ಚುರುಕು, ವಾಕ್ಯಗಳ ಪರಿಷ್ಕಾರದಲ್ಲಿ ಮಗಳ ಕೈವಾಡ ಗಣನೀಯ. 'ಸಿಲ್ವರ್ ಲೇಕ್' ಕೃತಿಯು ರೂಪುಗೊಳ್ಳುತ್ತಿದ್ದಾಗ ಮೇರಿಯ ಕುರುಡುತನವನ್ನು ಮಕ್ಕಳ ಕೃತಿಯಲ್ಲಿ ತರಬೇಕೆ ಎಂಬ ವಿಷಯದಲ್ಲಿ ಚರ್ಚೆಯಾದಾಗ, ತರಲೇಬೇಕೆಂಬ ನಿಲುವಿಗೆ ವೈಲ್ಡರ್ ಬದ್ಧರಾಗಿ ನಿಂತರು. ಹೇಳಿದುದನ್ನು ಬರೆದುಕೊಡುವವರ ನಡತೆ ಇದಲ್ಲ. ತಮ್ಮ ಕೃತಿಯ ಅಂತರಂಗವನ್ನು ಬಲ್ಲ ಲೇಖಕಿಯ ನಡತೆ.

ಸಹಯೋಗವು ಸದಾ ಸುಖಕರವಾಗಿರಲಿಲ್ಲ. 1932ರಲ್ಲಿ ರೋಸ್ ತಾಯಿಗೆ ತಿಳಿಸದೆ ಅವರ ತಂದೆತಾಯಿಯರ ಕಥಾವಸ್ತುವನ್ನೇ ಬಳಸಿ 'ಲೆಟ್ ದಿ ಹರಿಕೇನ್ ರೋರ್' ಎಂಬ ಕಾದಂಬರಿಯನ್ನು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟಿಸಿದಾಗ ಇಬ್ಬರ ಸಂಬಂಧದಲ್ಲಿ ಬಿರುಕು ಮೂಡಿತು. ರೂಸ್‌ವೆಲ್ಟ್ ಸರ್ಕಾರದ ಪುನಶ್ಚೇತನ ಕಾರ್ಯಕ್ರಮಗಳನ್ನು ಇಬ್ಬರೂ ವಿರೋಧಿಸುತ್ತಿದ್ದರು. ಯಾರ ನೆರವನ್ನೂ ಬಯಸದ ಸ್ವಾವಲಂಬಿ ಕುಟುಂಬದ ಚಿತ್ರವು ಮಾಲೆಯಲ್ಲಿ ಗಟ್ಟಿಗೊಂಡುದಕ್ಕೆ ಈ ರಾಜಕೀಯ ನಿಲುವೂ ಕಾರಣ. ಸರ್ಕಾರ ಹಂಚಿದ ಭೂಮಿ, ಸರ್ಕಾರದ ಕೊಡುಗೆ ಪಡೆದ ರೈಲುಮಾರ್ಗ, ಮೇರಿಯ ಶಿಕ್ಷಣಕ್ಕೆ ಪ್ರಾಂತ್ಯವು ಭರಿಸಿದ ಶುಲ್ಕ ಇವು ಆ ಸ್ವಾವಲಂಬನೆಯ ಹಿಂದಿದ್ದ ಸತ್ಯಗಳು. 2017ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ಕ್ಯಾರೊಲಿನ್ ಫ್ರೇಸರ್ ಅವರ 'ಪ್ರೇರಿ ಫೈರ್ಸ್' ಎಂಬ ಜೀವನಚರಿತ್ರೆಯು ಈ ಅಂತರವನ್ನು ವಿಸ್ತಾರವಾಗಿ ಶೋಧಿಸಿದೆ.

ಕೀರ್ತಿ ಮತ್ತು ಪ್ರಶ್ನೆ

1937ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಮಾಡಿದ ಭಾಷಣದಲ್ಲಿ ವೈಲ್ಡರ್ ತಮ್ಮ ಬರವಣಿಗೆಯ ಉದ್ದೇಶವನ್ನು ವಿವರಿಸಿದರು. ಗಡಿನಾಡಿನ ಎಲ್ಲ ಹಂತಗಳನ್ನೂ ತಮ್ಮ ಒಂದೇ ಬದುಕು ಕಂಡಿದೆಯೆಂದೂ, ಕಥೆಗಳಲ್ಲಿರುವುದು ಸತ್ಯವೇ ಆದರೂ ಸಂಪೂರ್ಣ ಸತ್ಯವಲ್ಲವೆಂದೂ ಅವರು ತಿಳಿಸಿದರು. ಬಿಟ್ಟುದರ ಅರಿವು ಅವರಿಗೆ ಇತ್ತೆಂಬುದಕ್ಕೆ ಇದೇ ಆಧಾರ.

ಆದರೆ ಅವರ ಅರಿವಿಗೆ ಬಾರದ ಮೌನಗಳೂ ಇದ್ದವು. 'ಲಿಟಲ್ ಹೌಸ್ ಆನ್ ದಿ ಪ್ರೇರಿ' ಕೃತಿಯ ಆರಂಭದಲ್ಲಿ, ಆ ಸೀಮೆಯಲ್ಲಿ ಇಂಡಿಯನ್ನರ ಹೊರತು ಮನುಷ್ಯರೇ ಇರಲಿಲ್ಲವೆಂಬ ಅರ್ಥ ಬರುವ ಮಾತಿತ್ತು. 1952ರಲ್ಲಿ ಓದುಗರೊಬ್ಬರು ಪ್ರಕಾಶಕರಿಗೆ ಪತ್ರ ಬರೆದು ಇದನ್ನು ಆಕ್ಷೇಪಿಸಿದರು. ಸಂಪಾದಕಿ ಅರ್ಸುಲಾ ನಾರ್ಡ್‌ಸ್ಟ್ರಾಮ್ ವಿಷಯವನ್ನು ತಿಳಿಸಿದಾಗ ವೈಲ್ಡರ್ ತಪ್ಪನ್ನು ಒಪ್ಪಿಕೊಂಡು ತಿದ್ದುಪಡಿಗೆ ಅನುಮತಿ ನೀಡಿದರು. 1953ರಲ್ಲಿ ಗಾರ್ತ್ ವಿಲಿಯಮ್ಸ್ ಅವರ ಚಿತ್ರಗಳೊಡನೆ ಬಂದ ಹೊಸ ಆವೃತ್ತಿಯಲ್ಲಿ ಮನುಷ್ಯರು ಎಂಬಲ್ಲಿ ವಲಸಿಗರು ಎಂಬ ಅರ್ಥದ ಪದ ಬಂದಿತು. ಒಂದು ಪದದ ತಿದ್ದುಪಡಿಯಿಂದ ಒಂದು ದೃಷ್ಟಿ ಬದಲಾಗುವುದಿಲ್ಲ. ಇಂಡಿಯನ್ನರ ಬಗೆಗೆ ನೆರೆಯವರು ಆಡುವ ದ್ವೇಷದ ಮಾತುಗಳೂ, 'ಲಿಟಲ್ ಟೌನ್' ಕೃತಿಯಲ್ಲಿ ತಂದೆಯು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪುಜನರ ವೇಷ ಕಟ್ಟುವ ಪ್ರಸಂಗವೂ ಪಠ್ಯದಲ್ಲಿ ಉಳಿದವು. ಅದೇ ಸಮಯದಲ್ಲಿ, ಓಸೇಜರು ಸಾಲುಸಾಲಾಗಿ ಹೊರಟುಹೋಗುವ ದೃಶ್ಯದಲ್ಲಿ ಬಾಲಕಿಗೆ ಉಂಟಾಗುವ ದುಃಖವೂ ಅದೇ ಪಠ್ಯದಲ್ಲಿದೆ. ಆ ದುಃಖಕ್ಕೆ ಕಾರಣವನ್ನು ಹೇಳುವ ಭಾಷೆ ಮಾತ್ರ ಬಾಲಕಿಗೂ ಇಲ್ಲ, ಲೇಖಕಿಗೂ ಇಲ್ಲ. 2000ದಲ್ಲಿ ಫ್ರಾನ್ಸಿಸ್ ಕೇ ಎಂಬ ವಿದುಷಿಯು ಪ್ರಕಟಿಸಿದ ಪ್ರಬಂಧವು ಇಂಗಲ್ಸ್ ಕುಟುಂಬವನ್ನು ಓಸೇಜರ ನೆಲದ ಅಕ್ರಮ ನಿವಾಸಿಗಳೆಂದೇ ಗುರುತಿಸಿ ಈ ಚರ್ಚೆಗೆ ಖಚಿತ ದಿಕ್ಕು ನೀಡಿತು.

ಅಲ್ಮಾಂಜೊ 1949ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅನಂತರ ವೈಲ್ಡರ್ ರಾಕಿ ರಿಡ್ಜ್‌ನಲ್ಲಿ ಒಂಟಿಯಾಗಿ ಬಾಳಿದರು. 1954ರಲ್ಲಿ ಅಮೆರಿಕನ್ ಗ್ರಂಥಾಲಯ ಸಂಘವು ಅವರ ಹೆಸರಿನಲ್ಲಿ ಪದಕವೊಂದನ್ನು ಸ್ಥಾಪಿಸಿ, ಮೊದಲ ಪದಕವನ್ನು ಅವರಿಗೇ ನೀಡಿತು. 1957ರ ಫೆಬ್ರವರಿ 10ರಂದು, ತೊಂಬತ್ತನೆಯ ಹುಟ್ಟುಹಬ್ಬದ ಮೂರು ದಿನಗಳ ಬಳಿಕ ಅವರು ನಿಧನರಾದರು. ವಿವಾಹದ ಮೊದಲ ವರ್ಷಗಳ ಕಷ್ಟಗಳನ್ನು ನಿರೂಪಿಸುವ ಅವರ ಕರಡು 'ದಿ ಫಸ್ಟ್ ಫೋರ್ ಇಯರ್ಸ್' ಎಂಬ ಹೆಸರಿನಲ್ಲಿ 1971ರಲ್ಲಿ ಪ್ರಕಟವಾಯಿತು. ಮಗಳ ಪರಿಷ್ಕಾರವಿಲ್ಲದ ಈ ಪಠ್ಯವು ಕರ್ತೃತ್ವದ ಚರ್ಚೆಗೆ ಮತ್ತೊಂದು ಆಕರವಾಯಿತು. 1974ರಿಂದ 1983ರವರೆಗೆ ಪ್ರಸಾರವಾದ ದೂರದರ್ಶನ ಮಾಲಿಕೆಯು ಲಾರಾಳ ಹೆಸರನ್ನು ಜಗತ್ತಿನಾದ್ಯಂತ ಹರಡಿತು; ಮೂಲದಿಂದ ಬಹುದೂರವನ್ನೂ ಸರಿಯಿತು. 2018ರಲ್ಲಿ ಗ್ರಂಥಾಲಯ ಸಂಘದ ಮಕ್ಕಳ ವಿಭಾಗವು ಪದಕದಿಂದ ಅವರ ಹೆಸರನ್ನು ತೆಗೆದು, ಮಕ್ಕಳ ಸಾಹಿತ್ಯ ಪರಂಪರೆಯ ಪ್ರಶಸ್ತಿ ಎಂದು ಮರುನಾಮಕರಣ ಮಾಡಿತು. ಕೃತಿಗಳನ್ನು ಯಾರೂ ನಿಷೇಧಿಸಲಿಲ್ಲ. ಒಂದು ಗೌರವಕ್ಕೆ ಆ ಹೆಸರು ಎಲ್ಲ ಮಕ್ಕಳ ಪರವಾಗಿ ನಿಲ್ಲಬಲ್ಲುದೇ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು.

ಸಮಾರೋಪ

ಈ ಜೀವನವನ್ನು ಅವಲೋಕಿಸಿದಾಗ ಚಾರಿತ್ರಿಕ ಮಕ್ಕಳ ಕಾದಂಬರಿಯ ಸ್ವರೂಪವನ್ನು ಕುರಿತು ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಬಾಲಕಿಯ ದೃಷ್ಟಿಕೋನವು ಚರಿತ್ರೆಯಲ್ಲಿ ದಾಖಲಾಗದ ಗೃಹಶ್ರಮವನ್ನು ಕಾಣಿಸುವ ಸಾಮರ್ಥ್ಯವುಳ್ಳದ್ದು. ಚಳಿಗಾಲದ ಹಸಿವಿನ ಬಗ್ಗೆ ರೈಲುಸಂಸ್ಥೆಯ ಕಡತಗಳು ಹೇಳಲಾರದುದನ್ನು ಹುಲ್ಲಿನ ಹುರಿಯಿಂದ ಗಾಯಗೊಂಡ ಕೈಗಳು ಹೇಳುತ್ತವೆ. ಎರಡನೆಯದಾಗಿ, ಅದೇ ದೃಷ್ಟಿಕೋನವು ಹಿರಿಯರ ತಪ್ಪುಗಳಿಗೆ ಮುಗ್ಧತೆಯ ಮುಸುಕನ್ನೂ ಹೊದಿಸಬಲ್ಲುದು. ಮಗುವಿಗೆ ಭೂಮಿಯ ಒಡೆತನದ ಚರಿತ್ರೆ ತಿಳಿದಿರುವುದಿಲ್ಲ. ಮಗುವಿನ ಕಣ್ಣಿನಿಂದ ಬರೆಯುವ ಅರುವತ್ತೆಂಟರ ಲೇಖಕಿಗೆ ಅದನ್ನು ತಿಳಿಯುವ ಅವಕಾಶವಿತ್ತು. ಮೂರನೆಯದಾಗಿ, ಒಂದು ಕಥನದ ಮೌನಕ್ಕೆ ಉತ್ತರವು ಮತ್ತೊಂದು ಕಥನದಿಂದ ಬರಬೇಕು. ಅಜಿಬ್ವೆ ಮೂಲದ ಲೂಯಿಸ್ ಅರ್ಡ್ರಿಕ್ 'ದಿ ಬರ್ಚ್‌ಬಾರ್ಕ್ ಹೌಸ್' ಕೃತಿಯಲ್ಲಿ 1847ರ ಸುಪೀರಿಯರ್ ಸರೋವರದ ದ್ವೀಪವೊಂದರಲ್ಲಿ ಬಾಳುವ ಒಮಕಾಯಸ್ ಎಂಬ ಬಾಲಕಿಯ ಕಥೆ ಹೇಳಿದರು. ಅಲ್ಲಿಯೂ ಮನೆಯಿದೆ, ಚಳಿಗಾಲವಿದೆ, ಕಾಯಿಲೆಯಿದೆ, ಪುಟ್ಟ ತಮ್ಮನ ಸಾವಿದೆ. ಬರುತ್ತಿರುವ ಬಿಳಿಯರನ್ನು ನೋಡುವ ಕಣ್ಣು ಮಾತ್ರ ಬೇರೆ.

ವೈಲ್ಡರ್ ಅವರ ಕೃತಿಗಳನ್ನು ಓಸೇಜರ ಚರಿತ್ರೆಯೊಡನೆ ಇರಿಸಿ ಓದಿದಾಗ ಅವುಗಳ ಬೆಲೆ ಕುಗ್ಗುವುದಿಲ್ಲ. ಅವು ಏನನ್ನು ಕಂಡವು, ಏನನ್ನು ಕಾಣಲಿ‌ಲ್ಲ ಎಂಬುದು ತಿಳಿಯುತ್ತದೆ. ಫ್ರೆಡ್ಡಿಯ ಸಾವನ್ನು ಬರೆಯಲಾರದೆ ಬಿಟ್ಟವರೂ ಓಸೇಜರ ನೆಲವನ್ನು ಬರಿದಾದ ನೆಲವೆಂದು ಬರೆದವರೂ ಒಬ್ಬರೇ. ಮೊದಲನೆಯ ಮೌನವು ದುಃಖದ್ದು, ಎರಡನೆಯದು ಅಧಿಕಾರದ್ದು. ಈ ಎರಡನ್ನೂ ಬೇರ್ಪಡಿಸಿ ಓದುವುದು ಆತ್ಮಕಥನಾತ್ಮಕ ಕಾದಂಬರಿಯ ಅಭ್ಯಾಸಿಗಳ ಮುಂದಿರುವ ಕೆಲಸ.